ಎದುರು ಗೋಡೆಯ ಕಪ್ಪು

ಜನವರಿ 4, ಶನಿವಾರ. ಬೆಳಿಗ್ಗೆ 5.40

ಡಿಕಾಕ್ಷನ್ ಇಳಿಯುತ್ತಿದೆ. ಮನೆ ಇನ್ನೂ ಎದ್ದಿಲ್ಲ. ಹೊಸ ಡೈರಿ — ಮಗ ತಿರುಮಲನಿಗೆ ಆಫೀಸಿನಲ್ಲಿ ಕೊಟ್ಟದ್ದು. ಅವನು ಬರೆಯುವವನಲ್ಲ. ನಾನೇ ಇಟ್ಟುಕೊಂಡೆ.

ಮೊದಲ ಪುಟದಲ್ಲಿ ಯಾರದೆಂದು ಬರೆಯಬೇಕಲ್ಲ. ನಾನು ಜಯಲಕ್ಷ್ಮಿ. ವಯಸ್ಸು ಎಪ್ಪತ್ತೊಂದು. ಪಲ್ಲಾವರದ ಈ ಮನೆಗೆ ಹಿರಿಯಳು. ಎಸ್ಸೆಸ್ಸೆಲ್ಸಿ, ಫಸ್ಟ್ ಕ್ಲಾಸ್, ತಿರುವಲ್ಲಿಕೇಣಿ. ಈಗಲೂ ಕನ್ನಡಕ ಇಲ್ಲದೆ ಪೇಪರ್ ಓದುತ್ತೇನೆ. ಮದ್ರಾಸಿನಲ್ಲಿ ನೆಲೆನಿಂತು ಐದು ತಲೆಮಾರಾದ ನಮ್ಮ ಮಾಧ್ವ ಕುಟುಂಬಗಳಲ್ಲಿ ಯಾರ ಮನೆಯ ಮದುವೆಯಾದರೂ ಸೀರೆಯ ಬಣ್ಣ ಹೇಳುವವಳು ನಾನು. ಧಾರೆ ಸೀರೆಯಿಂದ ಹಿಡಿದು ಬೀಗಿತ್ತಿಯ ಬ್ಲೌಸ್ ಪೀಸಿನವರೆಗೆ. ನಲವತ್ತು ವರ್ಷವಾಯಿತು. ಅಂಗಡಿಯ ಗಾದಿಯ ಮೇಲೆ ನಡುವಿನ ಜಾಗ ನನ್ನದು. ಯಜಮಾನರು ಹೋದ ಮೇಲೆ ಮುತ್ತೈದೆಯರ ಸಾಲಿನಿಂದ ನಾನಾಗಿಯೇ ಎದ್ದು ಬಂದೆ, ಯಾರೂ ಹೇಳಬೇಕಾಗಲಿಲ್ಲ. ಇದೊಂದು ಜಾಗ ಉಳಿಯಿತು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ.

ಇಷ್ಟು ಬರೆದದ್ದು ಏಕೆಂದರೆ ನಿನ್ನೆ ಸಂಜೆ ಹಾಲ್‌ನಲ್ಲಿ ನನ್ನನ್ನು ಕೇಳದೆ ಒಂದು ಕೆಲಸ ನಡೆದಿದೆ.

ಸೊಸೆ ರಂಜನಿಗೆ ಹೋಟೆಲ್ ರೂಮುಗಳಿಗೆ ಪರದೆ, ಚಿತ್ರ ಆರಿಸಿಕೊಡುವ ಆಫೀಸಿನಲ್ಲಿ ಕೆಲಸ. ಅಲ್ಲಿ ಉಳಿದ ಒಂದು ಪ್ರಿಂಟ್ ತಂದಿದ್ದಾಳೆ. ಶುಕ್ರವಾರದ ಸಂತೆಯಲ್ಲಿ ಹಳೇ ತೇಗದ ಫ್ರೇಮ್ ಸಿಕ್ಕಿತಂತೆ. ಮೂರಡಿ ಅಗಲ, ನಾಲ್ಕಡಿ ಎತ್ತರ. ಬಾಲ್ಕನಿಗೆ ಎದುರಾದ ಗೋಡೆಗೆ ಹೊಡೆದಾಯಿತು. ಅಲ್ಲಿ ಯಜಮಾನರ ರಿಟೈರ್‌ಮೆಂಟ್ ದಿನದ ಗ್ರೂಪ್ ಫೋಟೋ ಇತ್ತು. ಅದೀಗ ನನ್ನ ರೂಮಿನಲ್ಲಿ.

ಚಿತ್ರದಲ್ಲಿ ಏನಿದೆ? ದೇವರಿಲ್ಲ. ಮನುಷ್ಯರಿಲ್ಲ. ಗಿಡಮರ ಇಲ್ಲ. ಮೇಲೆ ಒಂದು ದೊಡ್ಡ ಕಪ್ಪು ಚೌಕ. ಕೆಳಗೆ ಕಂದು ಚೌಕ. ನಡುವೆ ತುಪ್ಪದ ಬಣ್ಣದ ಸಂದು. ಅಷ್ಟೆ. ಅಂಚೂ ನೆಟ್ಟಗಿಲ್ಲ, ಕೈ ಒದ್ದೆಯಿದ್ದಾಗ ಒರೆಸಿದ ಹಾಗೆ.

"ಇದೇನೇ ಇದು?" ಎಂದೆ.

"ಬಣ್ಣ ಅತ್ತೆ. ಬರೀ ಬಣ್ಣ. ಹತ್ರ ನಿಂತು ಸುಮ್ನೆ ನೋಡ್ತಾ ಇದ್ರೆ ನಿಧಾನಕ್ಕೆ ಬರುತ್ತೆ."

"ಏನು ಬರುತ್ತೆ?"

"ಅದು ಅವರವರಿಗೆ."

ಉತ್ತರ ಕೊಡುವಾಗ ಚಿತ್ರವನ್ನು ನೋಡಲಿಲ್ಲ. ನನ್ನ ಮುಖ ನೋಡುತ್ತಿದ್ದಳು. ಅದನ್ನು ಗಮನಿಸಿದ್ದೇನೆ.

ಜನವರಿ 5, ಭಾನುವಾರ

ತಿಂಡಿಯ ಹೊತ್ತಿಗೆ ಎಲ್ಲರೂ ಇದ್ದಾಗ ಕೇಳಿಬಿಟ್ಟೆ. "ಬಾಗಿಲು ತೆಗೆದ್ರೆ ಎದುರಿಗೇ ಕಪ್ಪು. ಮುಂದಿನ ತಿಂಗಳು ನನ್ನ ತಮ್ಮನ ಮನೇಲಿ, ಸರಸನ ಮಗಳ ಮದುವೆ. ನಾಲ್ಕು ಜನ ಬರೋ ಮನೆ. ಕಪ್ಪು ಯಾಕೆ ಬೇಕಿತ್ತು?"

ತಿರುಮಲ ದೋಸೆ ಮುರಿಯುವುದನ್ನು ನಿಲ್ಲಿಸಿದ. ರಂಜನಿಯನ್ನು ನೋಡಿದ. ಅವಳು ಅವನನ್ನು ನೋಡಿದಳು. ಗಂಡಹೆಂಡಿರ ಆ ನೋಟ ನನಗೆ ಗೊತ್ತಿಲ್ಲದ್ದೇ?

ಮೊಮ್ಮಗಳು ನಂದಿತಾ ನಕ್ಕಳು. "ಅಯ್ಯೋ ಪಾಟಿ, ಅದು ಬ್ಲೂ! ನಲ್ಲಾ ಪಾರುಂಗೋ." ಸರಿಯಾಗಿ ನೋಡಿ ಎಂದು ನನಗೇ ಹೇಳುತ್ತಾಳೆ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಹದಿನೇಳು ವರ್ಷ, ಇನ್ನೂ ಅದೇ.

"ನೀಲಿಯಂತೆ. ಕೆಳಗಿನದು?"

"ಪರ್ಪಲ್. ಕತ್ತರಿಪ್ಪೂ ಕಲರ್."

ಬದನೆ ಹೂವಿನ ಬಣ್ಣ ನನಗೆ ಹೇಳಿಕೊಡುತ್ತಾಳೆ! ಆ ಬಣ್ಣದಲ್ಲಿ ಹನ್ನೊಂದು ಬಗೆ ಉಂಟು, ಹನ್ನೊಂದನ್ನೂ ಹೆಸರು ಹಿಡಿದು ಹೇಳಬಲ್ಲೆ. ಫೋನ್ ತಂದು ಚಿತ್ರಕ್ಕೆ ಹಿಡಿದು, ಏನೋ ಒತ್ತಿ, "ಮಿಡ್‌ನೈಟ್ ಬ್ಲೂ ಅಂತ ಬರುತ್ತೆ ನೋಡಿ" ಎಂದಳು. ಫೋನ್ ಅವಳದ್ದು. ಅದು ಅವಳು ಹೇಳಿದ್ದನ್ನೇ ಹೇಳುತ್ತದೆ.

ರಂಜನಿ ಮಾತ್ರ ಬಣ್ಣದ ಸುದ್ದಿಗೇ ಬರಲಿಲ್ಲ. "ಇನ್ನೊಂದು ದೋಸೆ ಹಾಕ್ಲಾ ಅತ್ತೆ?" ಎಂದಳು. ಮಾತು ಮರೆಸುವುದಕ್ಕೆ.

ಮೂವರೂ ಸೇರಿ ನನ್ನನ್ನು ಆಡಿಸುತ್ತಿದ್ದಾರೆ. ಏಕೆ?

ಜನವರಿ 8, ಬುಧವಾರ. ಬೆಳಿಗ್ಗೆ 9.20

ಈಗಷ್ಟೇ ನೋಡಿದೆ. ಬಾಲ್ಕನಿಯ ಬಿಸಿಲು ನೇರ ಚಿತ್ರದ ಮೇಲೆ. ಮೇಲಿನ ಚೌಕದಲ್ಲಿ ನೀಲಿ ಇದೆ! ಮಬ್ಬು, ಆದರೆ ನೀಲಿಯೇ.

ಸಂಜೆ 6.00 — ಕಪ್ಪು. ಅಪ್ಪಟ ಕಪ್ಪು.

ಅಂದರೆ ಚಿತ್ರಗಳು ಎರಡು ಇವೆ. ಬೆಳಿಗ್ಗೆ ಒಂದು, ಸಂಜೆ ಒಂದು. ರಂಜನಿಯ ಆಫೀಸಿನಲ್ಲಿ ಇಂಥವು ರಾಶಿ ಬಿದ್ದಿವೆ ಎಂದು ಅವಳೇ ಹೇಳಿದ್ದಾಳೆ.

ನಾನೇನು ಕೈಕಟ್ಟಿ ಕೂರುವವಳಲ್ಲ. ಅವಳು ಅಡುಗೆಮನೆಯಲ್ಲಿದ್ದಾಗ ಫ್ರೇಮನ್ನು ಓರೆ ಮಾಡಿ ಹಿಂದೆ ಪೆನ್ಸಿಲಿನಲ್ಲಿ ಸಣ್ಣ ಗೀಟು ಹಾಕಿದೆ. ಬಲ ಮೂಲೆ. ನೋಡೋಣ.

ಜನವರಿ 9, ಗುರುವಾರ

ಬೆಳಿಗ್ಗೆ ಗೀಟು ಇದೆ. ಸಂಜೆ ಗೀಟು ಇದೆ. ಎರಡಕ್ಕೂ ಗೀಟು ಹಾಕಿಬಿಟ್ಟಳೇ?

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಎದುರಿಗೇ ಕುರ್ಚಿ ಹಾಕಿಕೊಂಡು ಕುಳಿತೆ. ಪೇಪರ್ ಅಡ್ಡ ಹಿಡಿದು, ಓದುವವಳಂತೆ. ಯಾರೂ ಬರಲಿಲ್ಲ. ಆದರೆ ಒಂದು ಬರೆಯಬೇಕು. ಒಂದು ಗಂಟೆಯಾದ ಮೇಲೆ ಆ ಕಪ್ಪು ಸುಮ್ಮನಿರಲಿಲ್ಲ. ಅಂಚು ಮುಂದೆ ಬಂತು, ಹಿಂದೆ ಹೋಯಿತು. ನಡುವಿನ ತುಪ್ಪದ ಗೆರೆ ಬಾಗಿಲ ಸಂದಿನ ಬೆಳಕಿನ ಹಾಗೆ. ಆಚೆ ಯಾರೋ ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿಕೊಂಡು, ನನ್ನನ್ನು ಹೊರಗೆ ಬಿಟ್ಟು ಮಾತಾಡುತ್ತಿದ್ದಾರೆ... ಸಿಟ್ಟು ಬಂತು. ಎದ್ದುಬಿಟ್ಟೆ.

ಬಣ್ಣಕ್ಕೆ ಸೆರಗು ಬೇಕು, ಅಂಚು ಬೇಕು. ಒಡಲು ಮಾತ್ರ ಇಟ್ಟರೆ ಅದು ಸೀರೆಯೇ?

ಜನವರಿ 10, ಶುಕ್ರವಾರ

ವೈಕುಂಠ ಏಕಾದಶಿ. ನೀರೂ ಇಲ್ಲ. ಆ ಗೋಡೆಯ ಕಡೆ ತಿರುಗಲಿಲ್ಲ.

ಜನವರಿ 15, ಬುಧವಾರ

ಸಂಕ್ರಾಂತಿ ಎಳ್ಳು ಕೊಡಲು ಸರಸ ಬಂದಿದ್ದಳು. ತಮ್ಮನ ಹೆಂಡತಿ. ಬಾಯಿ ತುಂಬ ಅತ್ತಿಗೆ ಅತ್ತಿಗೆ ಎನ್ನುತ್ತಾಳೆ, ಕಣ್ಣು ಮಾತ್ರ ನನ್ನ ಜಾಗದ ಮೇಲೆ. ನಲವತ್ತು ವರ್ಷದಿಂದ.

ಬಾಗಿಲಲ್ಲೇ ನಿಂತು, "ಅಬ್ಬಾ, ಎಂಥಾ ನೀಲಿ! ರಂಜನಿ ತಂದದ್ದಾ? ಇದೇ ಬಣ್ಣ ನಮ್ಮ ಹುಡುಗಿಗೆ ರಿಸೆಪ್ಷನ್ನಿಗೆ ತಗೊಂಡ್ರೆ ಹೇಗೆ ಅತ್ತಿಗೆ?" ಎಂದಳು.

ನಾನು ಎಳ್ಳಿನ ಪೊಟ್ಟಣ ಬಿಚ್ಚಿದೆ.

ಫೆಬ್ರವರಿ 7, ಶುಕ್ರವಾರ, ಸೀರೆ ತೆಗೆಯುವುದು ಎಂದು ಗೊತ್ತು ಮಾಡಿದ್ದಾಳಂತೆ. ಗಂಡಿನ ತಾಯಿಯೂ ಬರುತ್ತಾರಂತೆ. "ನೀವು ಹೂಂ ಅನ್ನೋವರೆಗೂ ಒಂದು ಮಡಿಕೆನೂ ಬಿಚ್ಚಲ್ಲ" ಎಂದಳು. ನಗುತ್ತಲೇ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ, "ಅವರ ಕಡೆ ಸ್ವಲ್ಪ ಹಳೇ ಕಾಲದೋರು, ಕಪ್ಪು ನೂಲು ಒಂದೆಳೆ ಕಂಡ್ರೂ ಆಗಲ್ಲ. ನೀವಿದೀರಲ್ಲ, ನನಗೇನು ಭಯ" ಎಂದಳು.

ಅವಳೂ ನೀಲಿ ಎಂದಳು. ಅಂದರೆ ರಂಜನಿ ಮೊದಲೇ ಫೋನ್ ಮಾಡಿ ಹೇಳಿಕೊಟ್ಟಿದ್ದಾಳೆ. ಬೇರೆ ಹೇಗೆ ಸಾಧ್ಯ? ಸೊಸೆಯೂ ತಮ್ಮನ ಹೆಂಡತಿಯೂ ಒಂದಾಗಿದ್ದಾರೆ. ಏತಕ್ಕೆಂದು ಈಗ ಗೊತ್ತಾಯಿತು. ಏಳನೇ ತಾರೀಖಿನ ಒಳಗೆ ಮುದುಕಿಗೆ ಬಣ್ಣ ಗೊತ್ತಾಗುವುದಿಲ್ಲ ಎಂದು ಎಲ್ಲರ ಬಾಯಲ್ಲೂ ಬರಬೇಕು. ಗಾದಿಯ ನಡುವೆ ಸರಸ ಕೂರಬೇಕು.

ಜನವರಿ 18, ಶನಿವಾರ

ಸಾಕ್ಷಿ ಬೇಕು. ನನ್ನ ಹೊಲಿಗೆಯ ಬಿಸ್ಕತ್ ಡಬ್ಬಿ ತೆಗೆದೆ. ಒಂದೊಂದು ರೀಲಿನ ಮೇಲೂ ನನ್ನ ಕೈಬರಹದ ಚೀಟಿ ಅಂಟಿಸಿದ್ದೇನೆ, ವರ್ಷಗಳ ಹಿಂದೆ. "ಗಾಢ ನೀಲಿ" ಹುಡುಕಿದೆ. ಸಿಕ್ಕಿತು. ಚೀಟಿ ನನ್ನದೇ. ಕೆಳಗಿನ ನೂಲು ಕಪ್ಪು.

"ಕತ್ತರಿಪ್ಪೂ" ತೆಗೆದೆ. ಕಂದು.

ನೂಲನ್ನೂ ಬದಲಾಯಿಸಿದ್ದಾಳೆ.

ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗದಕೈ ಸೊಂಟದಲ್ಲಿ.

ಜನವರಿ 20, ಸೋಮವಾರ. ಮಧ್ಯಾಹ್ನ

ಯಾರೂ ಇಲ್ಲ. ರಂಜನಿಯ ಕಪಾಟು ನೋಡಿದೆ. ಹಿರಿಯಳಾದವಳು ಮಾಡುವ ಕೆಲಸವಲ್ಲ, ಗೊತ್ತು. ಮಾಡಿದೆ.

ಚಳಿಗಾಲದ ಶಾಲುಗಳ ಕೆಳಗೆ ಒಂದು ಚೀಲ. ಸೌಕಾರ್‌ಪೇಟೆಯ ಏಕಾಂಬರನ ಮ್ಯಾಚಿಂಗ್ ಅಂಗಡಿಯದು — ಮೂವತ್ತು ವರ್ಷದಿಂದ ನಾನು ಬ್ಲೌಸ್ ಪೀಸ್ ತೆಗೆದುಕೊಳ್ಳುವ ಅಂಗಡಿ. ಒಳಗೆ ಬ್ಲೌಸ್ ಪೀಸುಗಳು. ಇಪ್ಪತ್ತಕ್ಕಿಂತ ಹೆಚ್ಚು. ಹೊಲಿಸಿಯೇ ಇಲ್ಲ. ಒಂದೊಂದಕ್ಕೂ ಗುಂಡುಪಿನ್ನಿನಲ್ಲಿ ಚೀಟಿ, ಅವಳ ಕೈಬರಹ. ತಾರೀಖು. "ಅತ್ತೆ — ಮಾಂಬಲದ ಮದುವೆ — ನೀಲಿ ಸೀರೆಗೆ." "ಅತ್ತೆ — ಉಪನಯನ — ಕತ್ತರಿಪ್ಪೂ ಸೀರೆಗೆ." ಮೊದಲನೆಯದು ಎರಡು ವರ್ಷ ಹಿಂದಿನದು.

ಇವೆಲ್ಲ ನಾನು ಸೀರೆಗೆ ಹೊಂದಿಸಿ, ಆರಿಸಿ, ಕತ್ತರಿಸಿ ತಂದವು! ಟೈಲರಿಗೆ ಕೊಡು ಎಂದು ಅವಳ ಕೈಗೆ ಕೊಟ್ಟವು. ಇವು ಇಲ್ಲಿದ್ದರೆ ಟೈಲರ್ ಹೊಲಿದದ್ದು ಯಾವುದನ್ನು? ಮದುವೆಗಳಲ್ಲಿ ಅವರೆಲ್ಲ ಹಾಕಿಕೊಂಡದ್ದು ಯಾವುದನ್ನು? ನನ್ನ ಆಯ್ಕೆ ಎಂದು ಹೆಸರು ಹೇಳಿ, ಯಾರ ಆಯ್ಕೆ?

ಕಳ್ಳಿ ಎಂದು ಬರೆಯಲು ಪೆನ್ನು ಎತ್ತಿದೆ. ಬರೆಯಲಿಲ್ಲ. ಮೊದಲು ಏಕಾಂಬರನ ಬಾಯಿಂದ ಬರಲಿ.

ಜನವರಿ 21, ಮಂಗಳವಾರ. ರಾತ್ರಿ ಊಟಕ್ಕೆ ಮೊದಲು

ಒಬ್ಬಳೇ ಹೋದೆ. ಪಲ್ಲಾವರದಿಂದ ಎಲೆಕ್ಟ್ರಿಕ್ ಟ್ರೈನ್, ಕೋಟೆ ಸ್ಟೇಷನ್ನಿನಿಂದ ಆಟೋ. ಯಾರಿಗೂ ಹೇಳಲಿಲ್ಲ. ಚೀಲದಿಂದ ಮೂರು ಪೀಸ್ ಪರ್ಸಿನಲ್ಲಿ.

ಏಕಾಂಬರ ಎದ್ದು ನಿಂತ. ಯಾವಾಗಲೂ ನಿಲ್ಲುತ್ತಾನೆ. ಸ್ಟೂಲ್ ಒರೆಸಿದ. ಮೂರು ಪೀಸನ್ನೂ ಗಲ್ಲಾದ ಮೇಲಿಟ್ಟೆ.

"ಇದನ್ನು ನನ್ನ ಸೊಸೆ ಏನು ಮಾಡ್ತಾಳೆ? ನಿಜ ಹೇಳು. ನನ್ನ ಹೆಸರಲ್ಲಿ ವ್ಯಾಪಾರ ನಡೆಸ್ತಿದೀರಾ ಇಬ್ಬರೂ?"

ಅವನು ಪೀಸುಗಳನ್ನು ನೋಡಿದ. ಚೀಟಿ ನೋಡಿದ. ಅಂಗಡಿಯ ಹೆಂಗಸನ್ನು ಒಳಗೆ ಕಳಿಸಿದ. "ಮಾಮಿ, ತಪ್ಪಾ ಎಡುತ್ತುಕ್ಕಾದೀಂಗ" ಎಂದ. ತಪ್ಪು ತಿಳಿಯಬೇಡಿ ಎಂದು ಶುರುವಾಗುವ ಮಾತು ಎಂದಾದರೂ ಒಳ್ಳೆಯದಾಗಿದೆಯೇ?

ಅವನ ತಮಿಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಎರಡು ವರ್ಷದ ಹಿಂದೆ ನಾನು ನೀಲಿ ಸೀರೆ ತಂದು, ಕಪ್ಪು ಬಟ್ಟೆಯನ್ನು ಹೊಂದಿಸಿ, ಕತ್ತರಿಸು ಎಂದೆನಂತೆ. "ಮಾಮಿ, ಬಾಗಿಲಿಗೆ ಬನ್ನಿ, ಬಿಸಿಲಲ್ಲಿ ನೋಡಿ" ಎಂದನಂತೆ. ನಾನು, "ನನಗೆ ಬಣ್ಣ ಕಲಿಸ್ತೀಯಾ? ನೀನು ಚಡ್ಡಿ ಹಾಕ್ಕೊಂಡು ಓಡಾಡೋವಾಗಿಂದ ನೋಡ್ತಿದೀನಿ" ಎಂದೆನಂತೆ. ಕತ್ತರಿಸಿದ. ಮಾರನೇ ದಿನ ರಂಜನಿ ಅದೇ ಸೀರೆ ಹಿಡಿದುಕೊಂಡು ಬಂದಳಂತೆ. ಸರಿಯಾದದ್ದು ತೆಗೆದುಕೊಂಡಳು. ಕತ್ತರಿಸಿದ್ದನ್ನು ವಾಪಸು ಕೊಡಲಿಲ್ಲ, ಅವನೂ ಕೇಳಲಿಲ್ಲ.

"ಅದಾದ್ಮೇಲೆ ಪ್ರತಿ ಸಲ ಮಾಮಿ. ನೀವು ಇವತ್ತು ಬಂದ್ರೆ ಅವರು ನಾಳೆ ಬರ್ತಾರೆ. ಯಾರಿಗೂ ಹೇಳ್ಬೇಡಿ ಅಂತಾರೆ. ಅತ್ತೆ ಹೆಸರು ಕೆಡಬಾರದು ಅಂತಾರೆ."

ಬಟ್ಟೆಯ ಎರಡು ಥಾನ್ ತೆಗೆದು ಬಾಗಿಲಿಗೆ ನಡೆದ. ನಾನೂ ಹೋದೆ. ರಸ್ತೆಯಲ್ಲಿ ಕೈಗಾಡಿ, ಬೈಕು, ಕೂಗಾಟ. ಬಿಸಿಲಿಗೆ ಹಿಡಿದ. ಒಂದರಲ್ಲಿ ನೀಲಿ ಎದ್ದಿತು. ಒಂದರಲ್ಲಿ ಏಳಲಿಲ್ಲ. ಒಳಗೆ ಬಂದು ಅವೆರಡನ್ನೇ ಮತ್ತೆ ಇಟ್ಟ. ಯಾವುದು ಯಾವುದೆಂದು ತಿಳಿಯಲಿಲ್ಲ.

ಇವನಿಗೂ ರಂಜನಿ ಹೇಳಿಕೊಟ್ಟಿರಬಹುದು ಎಂದು ಯೋಚಿಸಿ ನೋಡಿದೆ. ಟ್ರೈನಿನಲ್ಲಿ ಗಿಂಡಿ ಸ್ಟೇಷನ್ ಬರುವವರೆಗೂ ಯೋಚಿಸಿದೆ. ಬಿಸಿಲಿಗೆ ಯಾರು ಹೇಳಿಕೊಡುತ್ತಾರೆ?

ಜನವರಿ 26, ಭಾನುವಾರ

ಐದು ದಿನ ಬರೆಯಲಿಲ್ಲ. ಇವತ್ತು ತಿರುಮಲ, ನಂದಿತಾ ಹೊರಗೆ ಹೋದ ಮೇಲೆ ಚೀಲವನ್ನು ತಂದು ರಂಜನಿಯ ಎದುರು ಸುರಿದೆ.

ಅವಳು ಹೆದರಲಿಲ್ಲ. ಕಪಾಟು ಯಾಕೆ ತೆಗೆದಿರಿ ಎಂದೂ ಕೇಳಲಿಲ್ಲ. ಬಗ್ಗಿ ಒಂದೊಂದೇ ಮಡಿಸತೊಡಗಿದಳು.

"ಹೇಳಬಾರದಿತ್ತೇನೇ?" ಎಂದೆ.

"ಇವರು ಹೇಳಿದ್ರಲ್ಲ ಅತ್ತೆ. ಎರಡು ವರ್ಷದ ಹಿಂದೆ. ಒಂದ್ಸಲ ಕಣ್ಣು ತೋರಿಸೋಣಮ್ಮ ಅಂತ. ನೀವು ಒಂದು ತಿಂಗಳು ಅವರ ಜೊತೆ ಮಾತಾಡಿಲ್ಲ. ನಾನು ಬಡಿಸಿದ್ದು ಮೂರು ದಿನ ಊಟ ಮಾಡಿಲ್ಲ."

ನೆನಪಿದೆ. ಆಗ ನಾನು ಕನ್ನಡಕ ಬಿಟ್ಟ ಹೊಸತು. ಕನ್ನಡಕವೇ ಬೇಡದ ಕಣ್ಣಿಗೆ ಡಾಕ್ಟರ್ ಯಾಕೆ ಎಂದು ಕೂಗಿದ್ದೆ.

"ಸರಸನ ಗೃಹಪ್ರವೇಶಕ್ಕೆ ಕೊಟ್ಟ ಹಸಿರು ಸೀರೆ?"

ಮಡಿಸುವುದನ್ನು ನಿಲ್ಲಿಸಿದಳು. "ನೀವು ತಗೊಂಡದ್ದು ಕಪ್ಪು ಅತ್ತೆ. ಅವತ್ತು ಸಂಜೆನೇ ಹೋಗಿ ಬದಲಾಯಿಸಿದೆ."

ಗೃಹಪ್ರವೇಶಕ್ಕೆ ಕಪ್ಪು. ನಾನು. ಆ ಸೀರೆ ಉಟ್ಟು ಸರಸ ನಾಲ್ಕು ಜನರ ಎದುರು, "ನಮ್ಮ ಅತ್ತಿಗೆ ಕಣ್ಣು ಅಂದ್ರೆ ಕಣ್ಣು" ಎಂದಿದ್ದಳು. ನಾನು ಬೀಗಿದ್ದೆ. ರಂಜನಿ ಆಗ ಪಕ್ಕದಲ್ಲೇ ಪಾನಕ ಹಂಚುತ್ತಿದ್ದಳು.

ಕೊನೆಗೆ ಅದನ್ನೂ ಕೇಳಿದೆ. "ಗೋಡೆ ಮೇಲಿನದು? ಬೇಕಂತ್ಲೇ ಹಾಕಿದ್ಯಾ?"

"ಇಷ್ಟ ಆಗಿ ತಂದದ್ದು. ಹಾಕುವಾಗ ನಿಮಗೆ ಹೇಗೆ ಕಾಣುತ್ತೋ ಅಂತ ಅನ್ನಿಸ್ತು, ಸುಳ್ಳು ಹೇಳಲ್ಲ. ನೀವು ಕಪ್ಪು ಅಂದಮೇಲೆ ತೆಗೆದುಬಿಡ್ಬೇಕು ಅಂದ್ಕೊಂಡೆ. ತೆಗೀಲಿಲ್ಲ." ಕೈಯಲ್ಲಿದ್ದ ಪೀಸನ್ನು ಮಡಿಸಿ ಪಕ್ಕಕ್ಕಿಟ್ಟು, "ಮನುಷ್ಯರ ಚಿತ್ರ ಇದ್ರೆ ಮುಖ ನೋಡಿ ಹೇಳಿಬಿಡ್ತೀರಿ. ಇದರಲ್ಲಿ ಬಣ್ಣ ಬಿಟ್ರೆ ಹಿಡ್ಕೊಳ್ಳೋಕೆ ಬೇರೆ ಏನೂ ಇಲ್ಲ ಅತ್ತೆ."

ಸೊಕ್ಕು. ಆದರೆ ತಲೆಯೆತ್ತಿ ಹೇಳಿದಳು.

ಚೀಟಿ ಏಕೆ ಎಂದು ಕೇಳಿದೆ. ಎಂದಾದರೂ ಡಾಕ್ಟರ ಹತ್ತಿರ ಹೋದರೆ ತೋರಿಸಲು, ಎಂದಳು. ನಾನು ಹೋಗುತ್ತೇನೆಂದು ಎರಡು ವರ್ಷ ಕಾದಿದ್ದಾಳೆ.

ಜನವರಿ 29, ಬುಧವಾರ

ಕಣ್ಣಿನ ಡಾಕ್ಟರು. ಚಿಕ್ಕ ಹುಡುಗಿ. ನಂದಿತಾಗಿಂತ ಹತ್ತು ವರ್ಷ ದೊಡ್ಡವಳಿದ್ದಾಳು. ಕಣ್ಣಿಗೆ ಮದ್ದು ಹಾಕಿ ಮುಕ್ಕಾಲು ಗಂಟೆ ಕೂರಿಸಿದರು.

"ಪೇಪರ್ ಕನ್ನಡಕ ಇಲ್ಲದೆ ಓದ್ತೀರಾ ಅಮ್ಮಾ?"

"ಎರಡು ವರ್ಷದಿಂದ." ಹೆಮ್ಮೆಯಿಂದಲೇ ಹೇಳಿದೆ.

"ಅದೇ ಗುರುತು" ಎಂದಳು.

ಎರಡೂ ಕಣ್ಣಲ್ಲಿ ಪೊರೆ. ಒಳಗಿನ ಮಸೂರ ಹಳದಿಯಾಗಿ, ಆಮೇಲೆ ಕಂದಾಗಿ, ಗಟ್ಟಿಯಾಗುತ್ತದಂತೆ. ಆಗ ಹತ್ತಿರದ ಅಕ್ಷರ ಕೆಲವು ಕಾಲ ಚೆನ್ನಾಗಿ ಕಾಣುತ್ತದೆ. ಬಣ್ಣ ಕೆಡುತ್ತದೆ. ನೀಲಿ ಮೊದಲು ಹೋಗುತ್ತದೆ, ನೇರಳೆ ಕಂದಾಗುತ್ತದೆ, ಬಿಳಿ ತುಪ್ಪದ ಬಣ್ಣ. ಚಹಾದ ಲೋಟದ ಮೂಲಕ ನೋಡಿದ ಹಾಗೆ ಎಂದಳು. ನಾನು ಯಾವುದನ್ನು ತೋರಿಸಿ ಊರಿಗೆಲ್ಲ ಹೇಳಿಕೊಂಡು ಬಂದೆನೋ, ಅದೇ ರೋಗ.

ರಂಜನಿ ಚೀಲ ತೆಗೆದು ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿದಳು. ಡಾಕ್ಟರ್ ಹುಡುಗಿ ಒಂದೊಂದೇ ನೋಡಿ, "ಇಂಥಾ ರೆಕಾರ್ಡ್ ಯಾವ ಪೇಶೆಂಟೂ ತಂದಿಲ್ಲ" ಎಂದಳು.

ಆಪರೇಷನ್ ಸುಲಭವಂತೆ. ಆದರೆ ಸಕ್ಕರೆ ಹೆಚ್ಚಿದೆ. ಇಳಿಸಿಕೊಂಡು ಮೂರು ವಾರ ಬಿಟ್ಟು ಬನ್ನಿ ಎಂದಳು. ಏಳನೇ ತಾರೀಖಿಗೆ ಇನ್ನು ಒಂಬತ್ತು ದಿನ.

ಫೆಬ್ರವರಿ 2, ಭಾನುವಾರ

ಸರಸಳ ಫೋನ್. "ಅತ್ತಿಗೆ, ಡಾಕ್ಟರ ಹತ್ರ ಹೋಗಿದ್ರಂತೆ? ಏನಾಯ್ತು?"

"ಬಿಪಿ" ಎಂದೆ.

ಯಾರು ಹೇಳಿದರು ಅವಳಿಗೆ? ತಿರುಮಲನೋ, ನಂದಿತಾಳೋ... ಕೇಳಿದ ರೀತಿಯಲ್ಲೇ ಏನೋ ಕೆದಕುವುದಿತ್ತು. ತಾರೀಖು ಮುಂದೆ ಹಾಕು ಎಂದರೆ ಏಕೆ ಎನ್ನುತ್ತಾಳೆ. ಹುಷಾರಿಲ್ಲ, ಬರುವುದಿಲ್ಲ ಎಂದರೆ ಸಂತೋಷವಾಗಿ ನಡುವೆ ತಾನೇ ಕೂರುತ್ತಾಳೆ. ಒಂದು ಸಲ ಕುಳಿತವಳು ಏಳುವುದಿಲ್ಲ.

ಫೆಬ್ರವರಿ 5, ಬುಧವಾರ

ರಂಜ‌ನಿಯೇ ದಾರಿ ಹೇಳಿದಳು. ತೊಗರಿಬೇಳೆ ಆರಿಸುತ್ತ, ತಲೆ ಎತ್ತದೆ.

"ನಾನು ನಿಮ್ಮ ಪಕ್ಕದಲ್ಲೇ ಕೂರ್ತೀನಿ ಅತ್ತೆ. ನೀವು ಎಂದಿನ ಹಾಗೆ ಸೀರೆ ಕೈಗೆ ತಗೊಳ್ಳಿ. ಬಣ್ಣ ಸರಿ ಇಲ್ಲಾಂದ್ರೆ ನಾನು ಅಂಗಡಿಯೋನ್ನ ಬೆಲೆ ಕೇಳ್ತೀನಿ. ಸರಿ ಇದ್ರೆ ಸುಮ್ನಿರ್ತೀನಿ. ಯಾರಿಗೂ ಗೊತ್ತಾಗಲ್ಲ."

"ನಿನಗೇನೇ ಲಾಭ ಇದರಿಂದ?" ಕೇಳಿಯೇಬಿಟ್ಟೆ. ಅನುಮಾನ ಅಷ್ಟು ಬೇಗ ಹೋಗುವ ವಸ್ತುವಲ್ಲ.

"ಸರಸತ್ತೆ ಆ ಜಾಗದಲ್ಲಿ ಕೂತ್ರೆ ನಮ್ಮನೆ ಹಬ್ಬಕ್ಕೂ ಅವರೇ ಬಣ್ಣ ಹೇಳ್ತಾರೆ. ಗಿಳಿ ಹಸಿರಿಗೆ ರಾಣಿ ಪಿಂಕು. ನೀವೇ ವಾಸಿ."

ನಗು ಬಂತು. ತಡೆದುಕೊಂಡೆ. ಸರಿ ಎಂದೆ.

ನಂದಿತಾ ಹಾಲ್‌ನಲ್ಲಿ ಓದುತ್ತಿದ್ದವಳು ಕೂಗಿದಳು, "ಪಾಟಿ, ಇದು ಚೀಟಿಂಗ್!" ಬಾಯಿ ಮುಚ್ಚು ಎಂದೆ.

ಫೆಬ್ರವರಿ 7, ಶುಕ್ರವಾರ. ಸಂಜೆ 6.30

ರಾಹುಕಾಲ ಕಳೆದು ಹನ್ನೆರಡೂಕಾಲಿಗೆ ಅಂಗಡಿ ಮೆಟ್ಟಿಲು ಹತ್ತಿದೆವು. ಪಾಂಡಿಬಜಾರ್. ಬಿಳಿ ಹಾಸಿನ ಗಾದಿ. ನಡುವೆ ನಾನು. ಬಲಕ್ಕೆ ರಂಜನಿ. ಎಡಕ್ಕೆ ಸರಸ, ಅವಳ ಪಕ್ಕ ಹುಡುಗಿ. ಎದುರಿಗೆ ಕುರ್ಚಿಯಲ್ಲಿ ಗಂಡಿನ ತಾಯಿ — ಮಾತು ಕಡಿಮೆ, ಕಣ್ಣು ಹೆಚ್ಚು. ಒಳಗೆಲ್ಲ ಟ್ಯೂಬ್‌ಲೈಟ್. ಬಿಸಿಲಿನ ಒಂದು ಎಳೆಯೂ ಇಲ್ಲ.

ಧಾರೆ ಸೀರೆ ಕಷ್ಟವಾಗಲಿಲ್ಲ. ಅರಿಶಿನ, ಕೆಂಪು. ಅವು ಇನ್ನೂ ನನ್ನವು. ರಿಸೆಪ್ಷನ್ ಸೀರೆಗೆ ಬಂದಾಗ ಅಂಗಡಿಯವನು ದಟ್ಟ ಬಣ್ಣಗಳನ್ನು ಬಿಚ್ಚತೊಡಗಿದ. ಸರಸ, "ಅತ್ತಿಗೆ ಮನೆ ಗೋಡೆ ಮೇಲಿದೆಯಲ್ಲ, ಆ ನೀಲಿ" ಎಂದಳು.

ಒಂದನ್ನು ಕೈಗೆ ತೆಗೆದುಕೊಂಡೆ. ರಂಜನಿ, "ಇದೆಷ್ಟು?" ಎಂದಳು. ಕೆಳಗಿಟ್ಟೆ. ಇನ್ನೊಂದು. "ಇದು?" ಕೆಳಗಿಟ್ಟೆ. ಸರಸ ಗಂಡಿನ ತಾಯಿಗೆ, "ನೋಡಿ, ಮುಟ್ಟಿದ ತಕ್ಷಣ ಗೊತ್ತಾಗುತ್ತೆ ನಮ್ಮ ಅತ್ತಿಗೆಗೆ" ಎಂದಳು. ಮೂರನೆಯದು. ರಂಜನಿ ಮತ್ತೆ, "ಬೆಲೆ ಏನಾಗುತ್ತೆ?"

ಸರಸ ತಿರುಗಿದಳು. "ಏನೇ ರಂಜನಿ, ಬಾಯಿ ಬಿಟ್ರೆ ಬೆಲೆ ಬೆಲೆ ಅಂತೀಯ? ಬೀಗಿತ್ತಿ ಎದುರಿಗೆ ಕೂತಿದಾರೆ. ಕೊಡೋರು ನಾವು, ನಿನ್ನ ಗಂಟೇನು ಹೋಗುತ್ತೆ? ಮನೇಲಿ ಕಲಿಸಿಲ್ವಾ? ನಿನ್ನ ಅತ್ತೆ ನೋಡು, ಹೇಗೆ ಕೂತಿದಾರೆ. ಅವರನ್ನ ನೋಡಿಯಾದ್ರೂ ಕಲಿ."

ಹುಡುಗಿ ತಲೆ ತಗ್ಗಿಸಿ ನಕ್ಕಳು. ಗಂಡಿನ ತಾಯಿ ರಂಜನಿಯನ್ನು ಮೇಲಿನಿಂದ ಕೆಳಗೆ ಒಂದು ಸಲ ನೋಡಿದರು. ಅಂಗಡಿಯವನೂ. ರಂಜನಿಯ ಕಿವಿ ಕೆಂಪಾಯಿತು. ಆ ಕೆಂಪು ನನಗೆ ಚೆನ್ನಾಗಿ ಕಂಡಿತು.

"ಸಾರಿ ಸರಸತ್ತೆ" ಎಂದಳು. ಅಷ್ಟೆ. ನನ್ನ ಕಡೆ ತಿರುಗಲೂ ಇಲ್ಲ.

ನಾಲ್ಕನೆಯದನ್ನು ಅಂಗಡಿಯವನು ನನ್ನ ತೊಡೆಯ ಮೇಲೆ ಹರಡಿದ. ದಟ್ಟ. ಜರಿ ಹೊಳೆಯಿತು, ಒಡಲು ಹೊಳೆಯಲಿಲ್ಲ. ಕಾದೆ. ರಂಜನಿ ಮಾತಾಡಲಿಲ್ಲ. ಸುಮ್ಮನಿದ್ದರೆ ಸರಿ ಎಂದು ಮಾತು. ಆದರೆ ಈಗ ಸುಮ್ಮನಿರುವುದು ಬಣ್ಣ ಸರಿಯೆಂದೋ, ಅವಮಾನಕ್ಕೋ? ಹೇಗೆ ತಿಳಿಯುವುದು? ಅವಳನ್ನು ನೋಡಿದೆ. ಮಡಿಲಲ್ಲಿ ಕೈ ಬಿಗಿದು ಕುಳಿತಿದ್ದಾಳೆ, ಬಾಯಿ ತೆರೆದರೆ ಇನ್ನೊಮ್ಮೆ ಬೈಸಿಕೊಳ್ಳಬೇಕಲ್ಲ.

"ಇದೇ ಅಲ್ವಾ ಅತ್ತಿಗೆ?" ಎಂದಳು ಸರಸ. "ಹೂಂ ಅಂದ್ಬಿಡಿ."

ಎರಡು ವರ್ಷ ನನ್ನ ಹೆಸರು ಉಳಿಸಲು ಸೌಕಾರ್‌ಪೇಟೆಗೆ ಓಡಾಡಿದವಳು. ನಾಲ್ಕು ಜನರ ಎದುರು ಜಿಪುಣಿ ಎನ್ನಿಸಿಕೊಂಡು ಕುಳಿತಿದ್ದಾಳೆ. ನಾನು ರಾಣಿಯ ಹಾಗೆ ಕುಳಿತಿದ್ದೇನೆ.

"ಸರಸ" ಎಂದೆ. "ಇದು ನೀಲಿನೋ ಕಪ್ಪೋ ನನಗೆ ಗೊತ್ತಾಗ್ತಿಲ್ಲ."

ಅವಳು ನಕ್ಕಳು. ತಮಾಷೆ ಎಂದುಕೊಂಡಳು.

"ಎರಡು ಕಣ್ಣಲ್ಲೂ ಪೊರೆ. ಎರಡು ವರ್ಷದಿಂದ. ನಿನ್ನ ಗೃಹಪ್ರವೇಶಕ್ಕೆ ನಾನು ತೆಗೆದದ್ದು ಕಪ್ಪು ಸೀರೆ. ನೀನು ಉಟ್ಟದ್ದು ಇವಳು ಬದಲಾಯಿಸಿ ತಂದದ್ದು. ಈಗ ಬೆಲೆ ಕೇಳ್ತಿದ್ದದ್ದೂ ಇವಳ ಬುದ್ಧಿ ಅಲ್ಲ. ತಪ್ಪು ಬಣ್ಣ ಹಿಡಿದ್ರೆ ಕೇಳು ಅಂತ ನಾವಿಬ್ಬರೂ ಮಾತಾಡಿಕೊಂಡು ಬಂದದ್ದು. ಬೈಯೋದಿದ್ರೆ ನನ್ನ ಬೈಯಿ."

ಅಂಗಡಿಯವನು ಮಡಿಕೆ ಸರಿಮಾಡುವವನಂತೆ ಬಗ್ಗಿದ. ಗಂಡಿನ ತಾಯಿ ಮೊದಲ ಸಲ ನನ್ನ ಮುಖವನ್ನೇ ನೋಡಿದರು.

ಮಂಡಿ ಹಿಡಿದುಕೊಂಡು ಎದ್ದೆ. ರಂಜನಿಯ ತೋಳು ಹಿಡಿದು ಎಳೆದೆ. "ಅತ್ತೆ, ಬೇಡ, ಕೂತ್ಕೊಳ್ಳಿ" ಎಂದಳು ಪಿಸುಮಾತಿನಲ್ಲಿ. "ಹೇಳಿದಷ್ಟು ಮಾಡು" ಎಂದೆ. ನಡುವೆ ಕೂರಿಸಿದೆ. ಗೋಡೆಯ ಕಡೆ ಒಂದು ಸ್ಟೂಲಿತ್ತು, ಹೋಗಿ ಕುಳಿತೆ. "ಇನ್ನು ಬಣ್ಣ ರಂಜನಿ ಹೇಳ್ತಾಳೆ. ಇವತ್ತು ಮಾತ್ರ ಅಲ್ಲ. ಆಪರೇಷನ್ ಆಗಿ ನನ್ನ ಕಣ್ಣು ಬಂದ ಮೇಲೂ" ಎಂದೆ. ಆ ಕೊನೆಯ ಮಾತು ಮನೆಯಿಂದ ಹೊರಡುವಾಗ ನನ್ನಲ್ಲಿರಲಿಲ್ಲ. ಬಾಯಿಗೆ ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ ನಾನು.

ನಾಲ್ಕನೆಯದನ್ನು ಅವಳು ಮಡಿಸಿ ಪಕ್ಕಕ್ಕಿಟ್ಟಳು. ಏಕೆಂದು ನಾನು ಕೇಳಲಿಲ್ಲ. ಏಳನೆಯದನ್ನು ಹುಡುಗಿಯ ಹೆಗಲ ಮೇಲೆ ಹಾಕಿದಳು. ಗಂಡಿನ ತಾಯಿ ಹೂಂ ಎಂದರು.

ಮನೆಗೆ ಬಂದು ಎರಡು ಗಂಟೆಯಾಯಿತು. ಸರಸ ಎರಡು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಈಗ ಮೂರನೇ ಸಲ. ಬ್ಲೌಸಿನ ಬಣ್ಣ ಕೇಳಲು ಇರಬೇಕು. ಫೋನ್ ಒಯ್ದು ಅಡುಗೆಮನೆಯಲ್ಲಿ ರಂಜನಿಯ ಕೈಗೆ ಕೊಟ್ಟು ಬಂದೆ. ಇನ್ನು ಮುಂದೆ ಆ ಮಾತೆಲ್ಲ ಅವಳ ಹತ್ತಿರವೇ.